ಕಪ್ಪು ಕಲ್ಲು ಕಾಣಿಸಲು ಒಂದು ನಿಮಿಷ

ಜರ್ಮನಿಯ ಡ್ರೆಸ್ಡೆನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಇಲ್ಲಿನ ಫ್ರೌವೆನ್‌ಕಿರ್ಷೆ ಚರ್ಚಿನ ರಾತ್ರಿ ಫೋಟೋ ಒಂದನ್ನು ಊರಿಗೆ ಕಳಿಸಿದ್ದೆ. ಅಮ್ಮ ನೋಡಿ, "ಚೆನ್ನಾಗಿದೆ ಕಣೋ, ಹೊಸದಾಗಿ ಕಟ್ಟಿದ್ದಾ?" ಎಂದರು. ತಪ್ಪು ಅವರದಲ್ಲ. ಹಳದಿ ದೀಪದಲ್ಲಿ ಇಡೀ ಕಟ್ಟಡ ಬೆಲ್ಲದ ಅಚ್ಚಿನ ಹಾಗೆ ಒಂದೇ ಬಣ್ಣಕ್ಕೆ ಬಂದಿತ್ತು.

ಈ ಚರ್ಚು ಕಟ್ಟಿ ಮುಗಿದದ್ದು 1743ರಲ್ಲಿ. 1945ರ ಫೆಬ್ರವರಿ 13ರ ರಾತ್ರಿ ಶುರುವಾದ ಬಾಂಬ್ ದಾಳಿಯ ಬೆಂಕಿಗೆ ಸಿಕ್ಕಿ, 15ರ ಬೆಳಿಗ್ಗೆ ಕುಸಿದು ಬಿತ್ತು. ಆಮೇಲೆ ನಾಲ್ಕು ದಶಕಕ್ಕೂ ಜಾಸ್ತಿ ಕಾಲ ಊರ ನಡುವೆ ಬರೀ ಕಲ್ಲಿನ ಗುಡ್ಡೆ. 1994ರಲ್ಲಿ ಮತ್ತೆ ಕಟ್ಟಲು ಶುರುಮಾಡಿ 2005ರಲ್ಲಿ ಮುಗಿಸಿದರು. ಗುಡ್ಡೆಯಿಂದ ಹೆಕ್ಕಿದ ಹಳೇ ಕಲ್ಲುಗಳಲ್ಲಿ 3,500ಕ್ಕೂ ಹೆಚ್ಚನ್ನು ಹೊರಗೋಡೆಗೆ ಕೂರಿಸಿದ್ದಾರೆ. ಹಳೇ ಮರಳುಗಲ್ಲು ಕಪ್ಪು, ಹೊಸದು ಕೆನೆ ಬಣ್ಣ. ಎದುರಿಗೆ ನಿಂತರೆ ಎಡ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿ, ಆವತ್ತು ಬೀಳದೆ ಉಳಿದ ಗೋಡೆ. ಅದು ಬೆಂಕಿಯ ಮಸಿ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಈ ಕಲ್ಲಿನಲ್ಲಿ ಕಬ್ಬಿಣದ ಅಂಶವಿದೆ, ಗಾಳಿ ಮಳೆಗೆ ನಿಂತು ವಯಸ್ಸಾದ ಹಾಗೆ ತಾನೇ ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ಹಾಗೇ ಕಪ್ಪಾಗುತ್ತಾ ಹೋಗುತ್ತವೆ. ಆ ವ್ಯತ್ಯಾಸ ಮಾಸುವ ಮುಂಚೆ ಅದನ್ನು ಹಿಡಿಯಬೇಕು ಅನ್ನಿಸಿತು.

ನವೆಂಬರ್ ನಡುವಿನಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ. ಕತ್ತಲಾಗುವವರೆಗೆ ಕಾಯಬಾರದು ಎಂದು ನನಗೆ ಗೊತ್ತಾಗಲು ಮೂರು ಸಂಜೆ ಬೇಕಾಯಿತು. ಪೂರ್ತಿ ಕತ್ತಲಾದರೆ ದೀಪದ್ದೇ ರಾಜ್ಯ. ಕಪ್ಪು ಕಲ್ಲು ಕಂದಾಗುತ್ತದೆ, ಕೆನೆ ಕಲ್ಲು ಹಳದಿಯಾಗುತ್ತದೆ, ಎರಡೂ ಒಂದಕ್ಕೊಂದು ಕಲಸಿಹೋಗುತ್ತವೆ. ಆಕಾಶ ಇನ್ನೂ ಶಾಯಿ ನೀಲಿಯಾಗಿರುವಾಗ ಮೇಲಿನಿಂದ ತಣ್ಣನೆಯ ಬೆಳಕೂ ಸ್ವಲ್ಪ ಬೀಳುತ್ತಿರುತ್ತದೆ. ಆಗ ಮಾತ್ರ ಎರಡು ಬಣ್ಣ ಬೇರೆ ಬೇರೆಯಾಗಿ ಕಾಣುತ್ತವೆ. ಸಿಗುವುದು ಇಪ್ಪತ್ತು ನಿಮಿಷ, ಅಷ್ಟೇ.

ಚರ್ಚಿನ ಮುಂದಿನ ಚೌಕದಲ್ಲಿ, ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಪ್ರತಿಮೆಯ ಹತ್ತಿರ ಟ್ರೈಪಾಡ್ ಇಟ್ಟೆ. ತೀರಾ ಹತ್ತಿರ ಹೋದರೆ 91 ಮೀಟರ್ ಎತ್ತರದ ಕಟ್ಟಡಕ್ಕೆ ಕ್ಯಾಮೆರಾ ಮೇಲೆತ್ತಬೇಕು, ಗೋಡೆಗಳು ಹಿಂದಕ್ಕೆ ವಾಲಿದ ಹಾಗೆ ಬರುತ್ತವೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್ 8, ಶಟರ್ ತೆರೆದಿಟ್ಟದ್ದು 8 ಸೆಕೆಂಡು. ಬೆಳಕು ಸರಿಯಾಗಿತ್ತು, ಆದರೆ ಚೌಕದ ತುಂಬಾ ಓಡಾಡುವ ಜನ ಹೊಗೆಯ ಮುದ್ದೆಗಳಂತೆ ಬಂದರು. ಬೆಳಕನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಹಾಕಿದೆ. 8 ಸೆಕೆಂಡು 64 ಆಯಿತು. ಅಷ್ಟು ಹೊತ್ತಿನಲ್ಲಿ ಒಂದೇ ಕಡೆ ನಿಲ್ಲದೆ ನಡೆಯುವವರೆಲ್ಲ ಮಾಯ! ಸೆಲ್ಫಿಗೆ ನಿಂತ ಒಂದು ಜೋಡಿ ಮಾತ್ರ ಅರೆಬರೆ ದೆವ್ವಗಳಾಗಿ ಉಳಿದರು. ಇರಲಿ ಬಿಡಿ. ಈ ಚರ್ಚನ್ನು ಮತ್ತೆ ಕಟ್ಟಿದವರೂ ಬಾಗಿಲು ಮುಂಚೆ ಹೇಗಿತ್ತು ಎಂದು ತಿಳಿಯಲು, ಅದರ ಮುಂದೆ ನಿಂತು ಊರವರು ತೆಗೆಸಿಕೊಂಡಿದ್ದ ಹಳೇ ಮದುವೆ ಫೋಟೋಗಳನ್ನೇ ಕೇಳಿ ತರಿಸಿಕೊಂಡರಂತೆ.

30 ಸೆಕೆಂಡು ದಾಟಿದರೆ ನನ್ನ ಕ್ಯಾಮೆರಾದಲ್ಲಿ ಬಲ್ಬ್ ಮೋಡ್ (ನಾವು ಬಿಡುವವರೆಗೂ ಶಟರ್ ತೆರೆದೇ ಇರುತ್ತದೆ), ಕೈಯಲ್ಲಿ ರಿಮೋಟ್. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಸೆನ್ಸರ್ ಬಿಸಿಯಾಗಿ ಫೋಟೋದಲ್ಲಿ ಮೂಡುವ ಚುಕ್ಕೆಗಳನ್ನು ಅಳಿಸುವ ಸೌಲಭ್ಯ) ಆನ್ ಇತ್ತು, ಗಮನಿಸಿರಲಿಲ್ಲ. ಒಂದು ನಿಮಿಷದ ಫೋಟೋ ಆದ ಮೇಲೆ ಅದನ್ನು ಶುಚಿ ಮಾಡಲು ಕ್ಯಾಮೆರಾ ಇನ್ನೊಂದು ನಿಮಿಷ ಕತ್ತಲನ್ನೇ ನೋಡುತ್ತಾ ಕೂರುತ್ತದೆ. ಇಪ್ಪತ್ತು ನಿಮಿಷದಲ್ಲಿ ಹತ್ತೂ ಫೋಟೋ ಆಗಲಿಲ್ಲ. ಆ ಚಳಿಯಲ್ಲಿ ಸೆನ್ಸರ್ ಬಿಸಿಯಾಗುವುದೂ ಕಡಿಮೆ. ಈಗ ಅದನ್ನು ಆಫ್ ಮಾಡಿಯೇ ಇಡುತ್ತೇನೆ.

ನಿಜವಾದ ಪೆಟ್ಟು ಬಿದ್ದದ್ದು ಮನೆಗೆ ಬಂದ ಮೇಲೆ. ದೊಡ್ಡದು ಮಾಡಿ ನೋಡಿದರೆ ತುದಿಯ ಶಿಲುಬೆ ಎರಡೆರಡು! ಟ್ರೈಪಾಡ್ ಅಲುಗಾಡದಿರಲಿ ಎಂದು ನಡುಗೂಟಕ್ಕೆ ಬ್ಯಾಗ್ ನೇತುಹಾಕಿದ್ದೆ. ಗಾಳಿಗೆ ಬ್ಯಾಗೇ ತೊಟ್ಟಿಲ ಹಾಗೆ ತೂಗಿ ಎಲ್ಲವನ್ನೂ ಅಲುಗಾಡಿಸಿತ್ತು. ಮರುದಿನ ಬ್ಯಾಗಿನ ತಳ ನೆಲಕ್ಕೆ ತಾಗುವಷ್ಟು ಇಳಿಬಿಟ್ಟೆ, ಕಾಲುಗಳನ್ನು ಕಲ್ಲುಹಾಸಿನ ಸಂದಿಗೆ ಊರದೆ ಕಲ್ಲಿನ ನೆತ್ತಿ ಮೇಲೆ ಇಟ್ಟೆ. ಸರಿಹೋಯಿತು.

ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದ ಮೂಲ ಮಾಹಿತಿ) ವೈಟ್ ಬ್ಯಾಲೆನ್ಸ್, ಅಂದರೆ ದೀಪದ ಹಳದಿ ಛಾಯೆ ಸರಿಪಡಿಸುವ ಅಳತೆಯನ್ನು, 3,200 ಕೆಲ್ವಿನ್ ಸುತ್ತ ಇಟ್ಟಾಗ ಕೆನೆ ಕಲ್ಲು ಕೆನೆಯಾಗಿಯೇ ಬಂತು. ಗೆಳೆಯನೊಬ್ಬ "ಎಚ್‌ಡಿಆರ್ ಮಾಡು, ಕಪ್ಪು ಕಲ್ಲಲ್ಲೂ ಡೀಟೇಲ್ ಬರುತ್ತೆ" ಎಂದ. ಬೇರೆ ಬೇರೆ ಎಕ್ಸ್‌ಪೋಶರ್‌ನ (ಬೆಳಕಿನ ಪ್ರಮಾಣದ) ಫೋಟೋಗಳನ್ನು ಒಂದಾಗಿ ಬೆರೆಸುವುದೇ ಎಚ್‌ಡಿಆರ್. ಮಾಡಿ ನೋಡಿದೆ. ಡೀಟೇಲ್ ಬಂತು, ಕಪ್ಪು ಹೋಯಿತು. ಹಳೇದು ಯಾವುದು, ಹೊಸದು ಯಾವುದು ಎಂದು ಕಾಣಲೆಂದೇ ಬಿಟ್ಟಿದ್ದನ್ನು ಸ್ಲೈಡರ್ ಎಳೆದು ಅಳಿಸುವುದು ನನಗೆ ಸರಿ ಕಾಣಲಿಲ್ಲ. ಅದನ್ನು ಡಿಲೀಟ್ ಮಾಡಿದೆ.

ಶಿಲುಬೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಚಿನ್ನದ ಲೇಪವಿರುವ ಆ ಶಿಲುಬೆಯನ್ನು ಮಾಡಿದವರು ಲಂಡನ್ನಿನ ಅಲನ್ ಸ್ಮಿತ್. ಅವರ ತಂದೆ ಆ ದಾಳಿಗೆ ಬಂದ ಬ್ರಿಟಿಷ್ ವಿಮಾನವೊಂದರಲ್ಲಿದ್ದವರು. ಕಪ್ಪು ಕಲ್ಲಿಗೆ ಸರಿಯಾದ ಬೆಳಕು ಕೊಟ್ಟರೆ ಫೋಟೋದಲ್ಲಿ ಶಿಲುಬೆ ಬೆಳಕು ಹೆಚ್ಚಾಗಿ ಬಿಳಿ ಚುಕ್ಕೆಯಾಗುತ್ತದೆ. ಶಿಲುಬೆಯನ್ನು ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆದು ಜೋಡಿಸಬಹುದು. ಎಚ್‌ಡಿಆರ್ ಬೇಡ ಅಂದವನು ಹಾಗೆ ಮಾಡಿದರೆ ಗೆಳೆಯ ಸುಮ್ನೆ ಬಿಡ್ತಾನಾ?