ಕಿಟಕಿ ಬದಲಾಯ್ಸೋ ಮುಂಚೆ ಒಂದ್ ಮಗ್ಗು ನೀರು ಹಾಕಿ ನೋಡಿ

ರಾಜಾಜಿನಗರದ ನಮ್ಮನೆ ಕಟ್ಟಿ ನಲವತ್ತು ವರ್ಷದ ಮೇಲಾಯ್ತು, ಅಷ್ಟರಲ್ಲಿ ಎರಡು ಸಲ ಕಿಟಕಿ ಬದಲಾಯ್ಸಿದ್ದೀವಿ. ಮೊದಲನೇ ಸಲ ಎಲ್ಲಾ ತಪ್ಪಾಯ್ತು. ಈಗ ನನ್ನ ತಂಗಿ ಮಗಳು ಮನೆ ರಿಪೇರಿಗೆ ಕೈ ಹಾಕಿದ್ದಾಳೆ, ದೊಡ್ಡಮ್ಮ ಯುಪಿವಿಸಿ (ಒಂಥರಾ ಗಟ್ಟಿ ಪ್ಲಾಸ್ಟಿಕ್) ಹಾಕಿಸ್ಲಾ ಅಲ್ಯೂಮಿನಿಯಂ ಹಾಕಿಸ್ಲಾ ಅಂತ ಕೇಳ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ, ಯಾವುದು ಹಾಕಿಸ್ಲಿ ಅನ್ನೋದು ಆಮೇಲಿನ ಮಾತು, ಮೊದ್ಲು ಹಳೇ ಕಿಟಕಿಗೆ ಏನಾಗಿದೆ ಅಂತ ನೋಡಮ್ಮ.

ಹಳೇ ಮನೆಗಳಲ್ಲಿ ತೇಗ, ಹೊನ್ನೆ, ಮತ್ತಿ ಇಂಥಾ ಗಟ್ಟಿ ಮರ ಹಾಕಿರ್ತಾರೆ. ಒಂದು ಸ್ಕ್ರೂಡ್ರೈವರ್ ತಗೊಂಡು ಫ್ರೇಮಿನ ಕೆಳಗಿನ ಎರಡೂ ಮೂಲೆ ಚುಚ್ಚಿ ನೋಡಿ, ನೀರು ನಿಲ್ಲೋದು ಅಲ್ಲೇ, ಕೊಳೆಯೋದೂ ಅಲ್ಲೇ. ಗಟ್ಟಿಯಾಗಿದ್ರೆ ದಯವಿಟ್ಟು ಕೀಳಿಸ್ಬೇಡಿ, ಹಿಂಜಸ್ಸು ಬದಲಾಯ್ಸಿ ಗಾಜು ಹೊಸದು ಹಾಕ್ಸಿ ಪಾಲಿಶ್ ಮಾಡಿಸಿದ್ರೆ ಇನ್ನೂ ಎಷ್ಟೋ ವರ್ಷ ಬರುತ್ತೆ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಹಾಕಕ್ಕಾಗ್ತಿಲ್ಲ ಅಂತ ಆಗ್ಲೇ ಆಚಾರ್ರನ್ನ ಕರೆಸಿ ಸವರಿಸಿಬಿಡ್ತಾರೆ, ಹಾಗೆ ಮಾಡ್ಬೇಡಿ, ಮರ ನೀರು ಕುಡಿದು ಉಬ್ಬಿರುತ್ತೆ, ಫೆಬ್ರವರಿ ಮಾರ್ಚಲ್ಲಿ ಒಣಗಿದಾಗ ಬೆರಳು ತೂರೋ ಸಂದಾಗುತ್ತೆ. ತಟ್ಟಿದ್ರೆ ಟೊಳ್ಳು ಶಬ್ದ ಬಂತು, ಪಕ್ಕದ ಗೋಡೇಲಿ ಮಣ್ಣಿನ ಗೆರೆ ಕಾಣ್ತು ಅಂದ್ರೆ ಗೆದ್ದಲು. ಅದು ನೆಲದಿಂದ ಗೋಡೆ ಒಳಗೇ ಹತ್ತಿ ಬರೋದು, ಮೊದ್ಲು ಅದಕ್ಕೆ ಔಷಧಿ ಹೊಡೆಸ್ಬೇಕು. ಯುಪಿವಿಸೀನ ಗೆದ್ದಲು ತಿನ್ನಲ್ಲ ನಿಜ, ಆದ್ರೆ ಅಲ್ಲಿಂದ ಪಕ್ಕದ ಬಾಗಿಲ ಚೌಕಟ್ಟಿಗೆ ಹೋಗುತ್ತೆ.

ಬದಲಾಯ್ಸಲೇಬೇಕು ಅಂತಾದ್ರೆ ಯಾವ ಕಿಟಕಿ ಯಾವ ದಿಕ್ಕಿಗಿದೆ ಅಂತ ಮನೆ ಪೂರ್ತಿ ಒಂದು ಸುತ್ತು ನೋಡ್ಕೊಂಡು ಬನ್ನಿ. ಎಲ್ಲದಕ್ಕೂ ಒಂದೇ ಥರ ಹಾಕ್ಸೋದು ಬೇಡ. ಪಕ್ಕಕ್ಕೆ ಜಾರಿಸೋ ಸ್ಲೈಡಿಂಗ್ ಕಿಟಕಿ ಜಾಗ ಉಳಿಸುತ್ತೆ, ಆದ್ರೆ ಎರಡು ಟ್ರ್ಯಾಕಿಂದು (ಬಾಗಿಲು ಜಾರೋ ಹಳಿ) ಅರ್ಧ ಮಾತ್ರ ತೆಗೆಯೋಕಾಗೋದು, ಅಡುಗೆಮನೆಗೆ ಒಗ್ಗರಣೆ ಹೊಗೆ ಹೋಗಕ್ಕೆ ಪೂರ್ತಿ ತೆಗೆಯೋ ಬಾಗಿಲೇ ಸರಿ. ಸೊಳ್ಳೆ ಮೆಶ್ ಬೇಕು ಅಂದ್ರೆ (ಬೆಂಗಳೂರಲ್ಲಿ ಬೇಡ ಅನ್ನೋರು ಯಾರಿದ್ದಾರೆ) ಮೂರು ಟ್ರ್ಯಾಕ್ ಅಂತ ಮೊದ್ಲೇ ಹೇಳಿ, ಆಮೇಲೆ ಸೇರ್ಸೋಕೆ ಬರಲ್ಲ. ಜೂನಿಂದ ಸೆಪ್ಟೆಂಬರ್ ತನಕ ಗಾಳಿಮಳೆ ಪಶ್ಚಿಮದ ಕಡೆಯಿಂದ ಬಡಿಯುತ್ತೆ, ಮಧ್ಯಾಹ್ನದ ಬಿಸಿಲೂ ಅದೇ ಕಡೆಯಿಂದ, ಹಾಗಾಗಿ ಆ ಕಡೆಗೆ ರಬ್ಬರ್ ಒತ್ತಿ ಮುಚ್ಚೋ ಬಾಗಿಲಿನ ಕಿಟಕಿ, ಮೇಲೊಂದು ಸಜ್ಜಾ ಇದ್ರೆ ಒಳ್ಳೇದು. ಡಬಲ್ ಗಾಜು (ಮಧ್ಯೆ ಸಂದು ಬಿಟ್ಟು ಎರಡು ಗಾಜು) ನಮ್ಮೂರ ಚಳಿಗೆ ಬೇಡ. ಮೇನ್ ರೋಡ್ ಮನೆ, ಬಸ್ಸಿನ ಹಾರ್ನ್ ತಡೆಯಕ್ಕಾಗಲ್ಲ ಅನ್ನೋರು ಮಲಗೋ ಕೋಣೆಗೆ ಮಾತ್ರ ಲ್ಯಾಮಿನೇಟೆಡ್ ಗಾಜು (ಮಧ್ಯೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು) ಹಾಕ್ಸಿ ಸಾಕು. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ಹಾಕಿಸೋದಾದ್ರೆ ಅಳತೆ ಎರಡು ಸಲ ನೋಡಿ, ಅದನ್ನ ಆಮೇಲೆ ಕತ್ತರಿಸೋಕೆ ಆಗಲ್ಲ.

ಯುಪಿವಿಸಿ ಅಂಗಡೀಲಿ ಬಣ್ಣದ ಪುಸ್ತಕ ತೋರಿಸ್ತಾರೆ, ಅದನ್ನ ಪಕ್ಕಕ್ಕಿಟ್ಟು ಕತ್ತರಿಸಿದ ತುಂಡು ತೋರ್ಸಿ ಅನ್ನಿ. ಒಳಗೆ ಗೂಡು ಗೂಡಾಗಿರ್ಬೇಕು, ದೊಡ್ಡ ಕಿಟಕಿಗೆ ಆ ಗೂಡಿನೊಳಗೆ ಗ್ಯಾಲ್ವನೈಸ್ಡ್ ಸ್ಟೀಲ್ ಪಟ್ಟಿ ಇರ್ಬೇಕು, ಇಲ್ದಿದ್ರೆ ಬಿಸಿಲಿಗೆ ಬಾಗುತ್ತೆ. ಮೇಲಿನ ಪ್ಲಾಸ್ಟಿಕ್ ಹಾಳೆ ಕೆಲಸ ಮುಗಿದ ತಕ್ಷಣ ಕಿತ್ತುಬಿಡಿ, ಹೊಸದಾಗಿ ಕಾಣ್ಲಿ ಅಂತ ತಿಂಗಳುಗಟ್ಲೆ ಬಿಟ್ರೆ ಅಂಟಿಕೊಂಡು ಬಿಡುತ್ತೆ. ಅಲ್ಯೂಮಿನಿಯಂ ಚೌಕಟ್ಟು ಸಣ್ಣ, ಬೆಳಕು ಜಾಸ್ತಿ ಬರುತ್ತೆ, ಅಗಲದ ಕಿಟಕಿಗೆ ಚೆನ್ನ, ಆದ್ರೆ ಬಿಸಿಲಿಗೆ ಕಾಯುತ್ತೆ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಕಾಯಿಸಿದ್ದು) ಇರೋದನ್ನೇ ತಗೊಳ್ಳಿ.

ಇನ್ನು ಕೂರಿಸೋದು. ನಮಗೆ ಮೊದಲನೇ ಸಲ ಏಟು ಬಿದ್ದಿದ್ದು ಇಲ್ಲೇ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಲ್ಲಿ ಹೊರಗಡೆಗೆ ಸಣ್ಣ ಸಣ್ಣ ತೂತು ಇರುತ್ತೆ, ಮಳೆ ನೀರು ಹರಿದು ಹೋಗಕ್ಕೆ. ಕೂರಿಸೋಕೆ ಬಂದೋರು ಹೊರಗಡೆ ಸಂದು ಮುಚ್ಚೋ ಸಿಲಿಕಾನ್ ಅಂಟು ಎಳೆಯುವಾಗ ಆ ತೂತಿನ ಮೇಲೂ ಎಳೆದುಬಿಟ್ಟಿದ್ರು, ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂತು ನೋಡಿ, ಟ್ರ್ಯಾಕ್ ತುಂಬಿ ಒಳಗೆ ಸುರೀತು, ರೆಡ್ ಆಕ್ಸೈಡ್ ನೆಲದ ಮೇಲೆ ನೀರು ಹರಿದು ದೇವರಮನೆ ಹೊಸಿಲು ಮುಟ್ಟಿತ್ತು, ನಾನು ನಮ್ಮತ್ತೆ ರಾತ್ರಿ ಹತ್ತರ ತನಕ ಗೋಣಿಚೀಲದಲ್ಲಿ ಒರೆಸಿದ್ದೀವಿ. ಆಮೇಲೆ ನಮ್ಮ ಯಜಮಾನ್ರು ದಬ್ಬಳ ತಗೊಂಡು ಒಂದೊಂದೇ ತೂತು ಬಿಡಿಸಿದ್ರು, ಅವತ್ತಿಂದ ಒಂದು ಹನಿ ಒಳಗೆ ಬಂದಿಲ್ಲ.

ಅಳತೆ ತಗೊಳ್ಳೋವಾಗ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಗಲ ನೋಡಿಸಿ, ಹಳೇ ಗೋಡೆ ಎಲ್ಲೂ ನೇರ ಇರಲ್ಲ, ಕಡಿಮೆ ಇರೋದನ್ನೇ ಹಿಡೀಬೇಕು, ಸುತ್ತ 5-6 ಎಂಎಂ ಸಂದು ಬಿಟ್ಟು ಸೀಲೆಂಟ್ (ಸಂದು ಮುಚ್ಚೋ ಅಂಟು) ತುಂಬಿಸ್ಬೇಕು. ಕಿಟಕಿ ಕೆಳಗಿನ ಕಲ್ಲು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರ್ಲಿ. ರೇಟ್ ಮಾತಾಡೋವಾಗ ಹಳೇದನ್ನ ಕೀಳೋದು, ಗಾರೆ ಕೆಲಸ, ಪೇಂಟು, ಗ್ರಿಲ್ಲು ಇವೆಲ್ಲಾ ಸೇರಿದ್ಯಾ ಅಂತ ಬರೆಸ್ಕೊಳ್ಳಿ, ಯಾಕಂದ್ರೆ ಹಳೇ ಫ್ರೇಮು ಇಟ್ಟಿಗೆ ಒಳಗೆ ಕಬ್ಬಿಣದ ಪಟ್ಟಿಯಿಂದ ಕೂತಿರುತ್ತೆ, ಕೀಳೋವಾಗ ಅಂಚೆಲ್ಲಾ ಒಡೆಯುತ್ತೆ. ಕೊನೇ ಕಂತು ಕೊಡೋ ಮುಂಚೆ ಅವರ ಎದುರಿಗೇ ಟ್ರ್ಯಾಕಿಗೆ ಒಂದು ಮಗ್ಗು ನೀರು ಹುಯ್ಯಿರಿ, ನೀವೇ ಆಚೆ ಹೋಗಿ ನಿಂತ್ಕೊಳ್ಳಿ, ಎಲ್ಲಾ ತೂತಿಂದಲೂ ನೀರು ಇಳಿದು ಟ್ರ್ಯಾಕ್ ಖಾಲಿಯಾದ್ರೆ ದುಡ್ಡು ಕೊಟ್ಟು ಕಾಫಿ ಕುಡಿಸಿ ಕಳ್ಸಿ.