ಆಯಿಲ್ ಬರ್ನರ್ ಸ್ವಿಚ್ಚಿಗೆ ಸೂರು ಕಟ್ಟಿದ್ದು: ನನ್ನ ಅನುಭವ

ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಬಾಯ್ಲರಿಗೆ ಎಣ್ಣೆ ಉರಿಸುವ ಯಂತ್ರವೇ ಆಯಿಲ್ ಬರ್ನರ್; ಅದರ ಕಂಟ್ರೋಲಿನ ಮೇಲೆ ನಾನು ತಗಡಿನ ಸೂರು ಕಟ್ಟುತ್ತೇನೆ. ಹೋದ ಅಕ್ಟೋಬರಿನಲ್ಲಿ ನಲವತ್ತೊಂದನೆಯ ಸೂರು ಕೂರಿಸಿ ಬಂದೆ. ನಲವತ್ತೊಂದೋ ನಲವತ್ತೆರಡೋ, ಲೆಕ್ಕದ ಪುಸ್ತಕ ವ್ಯಾನಿನಲ್ಲಿದೆ. ಮೊದಲನೆಯದನ್ನು ನೋಡಿ "ಅದೇನು ನಾಯಿಗೂಡಾ?" ಎಂದು ನಕ್ಕವರೇ ಈಗ "ನಮ್ಮ ಮನೆಗೂ ಒಂದು ಮಾಡಿಕೊಡು" ಅಂತಿದ್ದಾರೆ. ಆ ಖುಷಿಗೆ ಬರೆಯುತ್ತಿದ್ದೇನೆ.

ನಾನಿರುವುದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಕ್ಕದಲ್ಲಿ. ಆಯಿಲ್ ಬರ್ನರ್ ಲೈಸೆನ್ಸ್ ಸಿಕ್ಕಿ ಹದಿನಾರು ವರ್ಷವಾಯಿತು. ಅದಕ್ಕೂ ಮೊದಲು ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಶೆಡ್ಡಿನಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ ತಗಡು ಬಗ್ಗಿಸುತ್ತಿದ್ದೆ. ಆ ಕಸುಬು ಇಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಬರ್ನರ್ ಎಣ್ಣೆ ಸಿಂಪಡಿಸಿ ಕಿಡಿಯಿಂದ ಹಚ್ಚುತ್ತದೆ, ಬೆಂಕಿ ಹತ್ತಿತೋ ಇಲ್ಲವೋ ಅಂತ ಕ್ಯಾಡ್ ಸೆಲ್ ಅನ್ನುವ ಕಣ್ಣು ನೋಡುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಸಮಸ್ಯೆ ಎರಡು ಕಡೆ. ಒಂದು, ನೆಲಮಾಳಿಗೆ ಮೆಟ್ಟಿಲಿನ ಮೇಲ್ತುದಿಯಲ್ಲಿರುವ, ಬರ್ನರಿನ ಕರೆಂಟ್ ಕಡಿಯುವ ಕೆಂಪು ಪ್ಲೇಟಿನ ಎಮರ್ಜೆನ್ಸಿ ಸ್ವಿಚ್. ಇನ್ನೊಂದು, ಕೆಳಗೆ ಬರ್ನರಿನ ಮೇಲೆ ಕೂತಿರುವ ಪ್ರೈಮರಿ ಕಂಟ್ರೋಲಿನ (ಬೆಂಕಿ ಹತ್ತದಿದ್ದರೆ ಬರ್ನರನ್ನು ನಿಲ್ಲಿಸುವ ಡಬ್ಬಿ) ರೀಸೆಟ್ ಬಟನ್, ನಿಂತ ಬರ್ನರನ್ನು ಮತ್ತೆ ಹಚ್ಚಲು. ಮೊದಲನೆಯದನ್ನು ಜನ ಲೈಟ್ ಅಂದುಕೊಂಡು ಆರಿಸುತ್ತಾರೆ. ಎರಡನೆಯದನ್ನು ಲಿಫ್ಟಿನ ಬಟನ್ ಅಂದುಕೊಂಡು ಒತ್ತುತ್ತಲೇ ಇರುತ್ತಾರೆ.

ವೂಸ್ಟರಿನ ಮೂರಂತಸ್ತಿನ ಮರದ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂತಸ್ತಿಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದು ನೆಲಮಾಳಿಗೆ. ಅದರೊಳಗೆ ಮೂರು ಬಾಯ್ಲರ್, ಮೂರು ಎಣ್ಣೆ ಟ್ಯಾಂಕ್. ಮೆಟ್ಟಿಲ ಹತ್ತಿರ ಮೂರು ಕೆಂಪು ಸ್ವಿಚ್ ಸಾಲಾಗಿ, ಅದರ ಪಕ್ಕದಲ್ಲೇ ಲೈಟಿನ ಸ್ವಿಚ್. 2015ರ ಫೆಬ್ರವರಿಯಲ್ಲಿ, ಆ ದೊಡ್ಡ ಹಿಮದ ವರ್ಷ, ಅಂಥ ಒಂದೇ ಮನೆಗೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಹೋದೆ. ನಾಲ್ಕು ಸಲವೂ ರಿಪೇರಿ ಒಂದೇ: ಸ್ವಿಚ್ ಮೇಲಕ್ಕೆ ಎತ್ತಿದ್ದು. ಮೇಲಿನ ಮನೆಯ ಹುಡುಗ ಬಟ್ಟೆ ಒಗೆದು ಹೋಗುವಾಗ ಕೈಗೆ ಸಿಕ್ಕಿದ ಸ್ವಿಚ್ಚನ್ನು ಇಳಿಸಿ ಹೋಗುತ್ತಿದ್ದ. ನಡುಮನೆಯ ಅಜ್ಜಿ ಚಳಿಯಲ್ಲಿ ನಡುಗುತ್ತಿದ್ದಳು. ರಾತ್ರಿ ಹೊತ್ತು ರಿಪೇರಿಗೆ ಕರೆದರೆ ನೂರೈವತ್ತು ಡಾಲರ್ ಮೇಲೆಯೇ ಆಗುತ್ತಿತ್ತು. ಸ್ವಿಚ್ ಎತ್ತಿದ್ದಕ್ಕೆ ಅಷ್ಟು ಬಿಲ್ ಬರೆಯುವಾಗ ನನಗೇ ಕೈ ಬರುತ್ತಿರಲಿಲ್ಲ. ಬರೆದೆ ಅನ್ನಿ.

ರೀಸೆಟ್ ವಿಷಯ ಇನ್ನೂ ಕೆಟ್ಟದ್ದು. ಬೆಂಕಿ ಹತ್ತದಿದ್ದರೂ ಹಳೇ ಕಂಟ್ರೋಲ್ ಎಣ್ಣೆ ಬಿಡುತ್ತಾ 45 ಸೆಕೆಂಡು ಕಾಯುತ್ತದೆ. ಗಂಟೆಗೆ 0.85 ಗ್ಯಾಲನ್ ಎಣ್ಣೆ ಚಿಮ್ಮಿಸುವ ನಾಝಲ್ ಆದರೆ ಒಂದು ಸಲ ಒತ್ತಿದ್ದಕ್ಕೆ ಸುಮಾರು 40 ಮಿಲಿಲೀಟರ್ ಎಣ್ಣೆ ಬೆಂಕಿ ಉರಿಯುವ ಚೇಂಬರಿನೊಳಗೆ ಬೀಳುತ್ತದೆ. ಹತ್ತು ಸಲ ಒತ್ತಿದರೆ ಎರಡು ಲೋಟ. ಹನ್ನೊಂದನೇ ಸಲ ಕಿಡಿ ಹತ್ತಿತೋ, ಕಥೆ ಮುಗಿಯಿತು. ಪಫ್‌ಬ್ಯಾಕ್ ಆದ, ಅಂದರೆ ಹಾಗೆ ನಿಂತ ಎಣ್ಣೆ ಒಮ್ಮೆಲೇ ಹೊತ್ತಿ ಸಿಡಿದ ಒಂದು ಮನೆಗೆ ಹೋಗಿದ್ದೆ. ಹೊಗೆಕೊಳವೆ ಕಳಚಿ ಬಿದ್ದಿತ್ತು, ಬಿಳಿ ಪರದೆ ಕಪ್ಪಾಗಿತ್ತು, ಅಡುಗೆಮನೆ ಕಪಾಟಿನೊಳಗಿನ ತಟ್ಟೆಯ ಮೇಲೂ ಮಸಿ. ಮನೆಯಾತ "ಒಂದೇ ಸಲ ಒತ್ತಿದೆ" ಅಂದ. ಎಲ್ಲರೂ ಹಾಗೇ ಹೇಳುವುದು. ಹೊಸ ಕಂಟ್ರೋಲುಗಳು 15 ಸೆಕೆಂಡಿಗೇ ಕೈಬಿಡುತ್ತವೆ, ಮೂರು ಸಲ ಸೋತರೆ ಗಟ್ಟಿಯಾಗಿ ಲಾಕ್ ಆಗುತ್ತವೆ, ನಿಜ. ಆದರೆ ಹಳೇವು ಇನ್ನೂ ಎಷ್ಟೋ ಮನೆಯಲ್ಲಿವೆ. ಮೇಲಾಗಿ ಗಟ್ಟಿ ಲಾಕ್ ಬಿಡಿಸುವುದು ಹೇಗೆ ಅಂತ ಫೋನಿನಲ್ಲಿ ನೋಡಿ ಕಲಿತ ಜಾಣರೂ ಇದ್ದಾರೆ.

ಇದರ ಜೊತೆಗೆ ನೀರು. ಹಳೇ ಕಲ್ಲಿನ ಪಾಯದ ನೆಲಮಾಳಿಗೆ ಬೇಸಿಗೆಯಲ್ಲಿ ಬೆವರುತ್ತದೆ. ಮೇಲಿನ ಸರ್ಕ್ಯುಲೇಟರ್ (ಬಿಸಿನೀರು ತಿರುಗಿಸುವ ಪಂಪು) ಜೋಡಣೆಯಿಂದ ಒಂದೊಂದೇ ಹನಿ. ಅದು ಬೀಳುವುದು ಸರಿಯಾಗಿ ಪ್ರೈಮರಿಯ ತಲೆ ಮೇಲೆ. ವರ್ಷಕ್ಕೆ ಐದಾರು ಕಂಟ್ರೋಲ್ ಹೀಗೇ ಸಾಯುವುದನ್ನು ನೋಡಿದ್ದೇನೆ.

ಹಾಗಾಗಿ ಕವಚ ಮಾಡೋಣ ಅಂತ ಹೊರಟೆ. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಮೂವತ್ತು ವರ್ಷ ಅನುಭವದ ಹಿರಿಯರೊಬ್ಬರು ಇದ್ದರು. "ಕಾಫಿ ಡಬ್ಬಿ ಕತ್ತರಿಸಿ ಮುಚ್ಚು, ಸಾಕು" ಅಂದರು. ಹೆಂಡತಿ ಅಂದಳು, "ಜನ ಸ್ವಿಚ್ ಆರಿಸದೆ ಇದ್ದರೆ ನಿನ್ನ ಸಂಪಾದನೆ ಹೇಗೆ?" ಅವಳ ಮಾತಿನಲ್ಲೂ ಅರ್ಥವಿತ್ತು.

ಮೊದಲ ಪ್ರಯತ್ನ ತ್ರೀಡಿ ಪ್ರಿಂಟು. ಶ್ರೂಸ್‌ಬರಿಯಲ್ಲಿರುವ ಗೆಳೆಯನ ಮಗನ ಹತ್ತಿರ ಮಷೀನು ಇತ್ತು. ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನ ಚೆಂದದ ಕೆಂಪು ಮುಚ್ಚಳ, ಮೇಲೆ ಜ್ವಾಲೆಯ ಚಿತ್ರ ಬೇರೆ. ಬಾಯ್ಲರ್ ಮೈಗೆ ಹತ್ತಿಕೊಂಡಂತೆ ಕೂರಿಸಿದೆ. ಮೂರು ವಾರ ಬಿಟ್ಟು ನೋಡಿದರೆ ಉಪ್ಪಿಟ್ಟಿನ ಮೇಲೆ ಇಟ್ಟ ಐಸ್‌ಕ್ರೀಮಿನ ಹಾಗೆ ಜೋತು ಬಿದ್ದಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಾಯ್ಲರ್ ನೀರು 180 ಫ್ಯಾರನ್‌ಹೀಟ್, ಅಂದರೆ 82 ಸೆಲ್ಸಿಯಸ್. ಮೊದಲೇ ಯೋಚಿಸಬೇಕಿತ್ತು, ಅಲ್ವಾ? ಪ್ಲಾಸ್ಟಿಕ್ ರೀಲು, ಹುಡುಗನಿಗೆ ಪಿಜ್ಜಾ ಎಲ್ಲ ಸೇರಿ ಎಂಬತ್ತು ಡಾಲರ್ ಹೋಯಿತು.

ಎರಡನೆಯದು ಪೂರ್ತಿ ಪೆಟ್ಟಿಗೆ. 24 ಗೇಜ್ ಗ್ಯಾಲ್ವನೈಸ್ಡ್ ತಗಡು, ನಾಲ್ಕೂ ಕಡೆ ಮುಚ್ಚಿ, ಮುಂದೆ ಬಾಗಿಲು. ನೋಡಲು ಕಾರ್ಖಾನೆಯ ಮಾಲಿನ ಹಾಗಿತ್ತು. ಹೆಮ್ಮೆಯಿಂದ ನಮ್ಮ ಮನೆಯ ಬರ್ನರಿಗೇ ಹಾಕಿದೆ. ಎರಡು ದಿನಕ್ಕೆ ಒಳಗೆ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು ನೋಡಿದರೆ 140 ಫ್ಯಾರನ್‌ಹೀಟ್ ದಾಟಿತ್ತು. ಕಂಟ್ರೋಲಿನ ಎಲೆಕ್ಟ್ರಾನಿಕ್ಸನ್ನು ನಾನೇ ಬೇಯಿಸುತ್ತಿದ್ದೆ. ಅದು ಸಾಲದು ಅಂತ ಪೆಟ್ಟಿಗೆಯ ಒಂದು ಮಗ್ಗುಲು ಬ್ಲೋವರಿನ ಗಾಳಿ ಬಾಯಿಗೆ ಅಡ್ಡ ಬಂದಿತ್ತು. ಹೊಗೆಯಲ್ಲಿ ಮಸಿ ಎಷ್ಟಿದೆ ಅಂತ ಅಳೆಯುವ ಸ್ಮೋಕ್ ಟೆಸ್ಟ್ ಮಾಡಿದೆ. ಶೂನ್ಯ ಬರುತ್ತಿದ್ದ ಬರ್ನರು ಮೂರು ತೋರಿಸಿತು. ಮಸಿ ತಪ್ಪಿಸಲು ಹೋಗಿ ಮಸಿ ಮಾಡುವ ಯಂತ್ರ ಕಟ್ಟಿದ್ದೆ. ಅವತ್ತೇ ಬಿಚ್ಚಿ ಬಿಸಾಕಿದೆ.

ಮೂರನೆಯದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಮೂರಂತಸ್ತಿನ ಮನೆಯ ಮಾಲೀಕರ ಒತ್ತಾಯಕ್ಕೆ ಕೆಂಪು ಸ್ವಿಚ್ಚಿಗೆ ಬೀಗ ಹಾಕುವ ಮುಚ್ಚಳ ಮಾಡಿದೆ. ಫೈರ್ ಡಿಪಾರ್ಟ್‌ಮೆಂಟಿನಿಂದ ತಪಾಸಣೆಗೆ ಬಂದ ಅಧಿಕಾರಿ ಒಂದೇ ಪ್ರಶ್ನೆ ಕೇಳಿದ: "ಕೆಳಗೆ ಬೆಂಕಿ ಬಿದ್ದಾಗ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಎಮರ್ಜೆನ್ಸಿ ಸ್ವಿಚ್. ಹೊಗೆ ತುಂಬಿದ ಕತ್ತಲಲ್ಲಿ, ಗ್ಲೌಸ್ ಹಾಕಿದ ಕೈಗೂ ತಟ್ಟನೆ ಸಿಗಬೇಕು. ಅಲ್ಲೇ ಅವನ ಎದುರಿಗೇ ಕಿತ್ತೆ. ಆ ಪ್ರಶ್ನೆ ನನಗೆ ದುಡ್ಡು ಕೊಟ್ಟು ಕಲಿಯುವುದಕ್ಕಿಂತ ಜಾಸ್ತಿ ಕಲಿಸಿತು.

ಈ ಮೂರರಲ್ಲಿ, ಅರ್ಧಕ್ಕೇ ಬಿಟ್ಟ ಇನ್ನೆರಡರಲ್ಲಿ ಒಟ್ಟು ಆರುನೂರು ಏಳುನೂರು ಡಾಲರ್ ಹೋಯಿತು. ಒಂದು ವರ್ಷ ಸುಮ್ನೆ ಕೂತೆ.

ದಾರಿ ಸಿಕ್ಕಿದ್ದು ಊರಿಗೆ ಹೋದಾಗ. ನವಲಗುಂದದ ಹತ್ತಿರ ಅಣ್ಣನ ಹೊಲದಲ್ಲಿ ಹಳೇ ಸ್ಟಾರ್ಟರ್ ಡಬ್ಬಿ ಕಂಬಕ್ಕೆ ನೇತುಬಿದ್ದಿತ್ತು. ಬಾಗಿಲು ಯಾವತ್ತೋ ಮುರಿದು ಹೋಗಿದೆ, ಒಳಗೆ ಹಲ್ಲಿ ಸಂಸಾರ ಮಾಡಿದೆ, ಆದರೂ ಮೋಟರು ಓಡುತ್ತಿದೆ! ಯಾಕೆ? ಮೇಲಿನ ಇಳಿಜಾರು ತಗಡು ಮಾತ್ರ ಗಟ್ಟಿಯಾಗಿತ್ತು. ಮಳೆ ಮುಂದಕ್ಕೆ ಜಾರಿ ಹೋಗುತ್ತದೆ, ಗಾಳಿ ಕೆಳಗಿನಿಂದ ಬಂದು ಹೋಗುತ್ತದೆ. ಅಂಥ ನೂರಾರು ಡಬ್ಬಿ ನಾನೇ ಬಗ್ಗಿಸಿದ್ದೆ. ಪೆಟ್ಟಿಗೆ ಕಟ್ಟಬಾರದು, ಸೂರು ಕಟ್ಟಬೇಕು ಅಂತ ಹೊಳೆಯಲು ಹನ್ನೆರಡು ಸಾವಿರ ಕಿಲೋಮೀಟರ್ ಬರಬೇಕಾಯಿತು ನೋಡಿ.

ಈಗ ಮಾಡುವುದು ಹೀಗೆ. ಬರ್ನರಿಗೆ: ಅದೇ 24 ಗೇಜ್ ತಗಡು, ಸುಮಾರು ಹನ್ನೊಂದು ಇಂಚು ಅಗಲ, ಒಂಬತ್ತು ಇಂಚು ಮುಂದಕ್ಕೆ. ಮೂರು ಕಡೆ ಅಂಚು ಮಡಚಿ, ಮುಂದಕ್ಕೆ ಇಳಿಜಾರು. ಪಕ್ಕಗಳು ಅರ್ಧದವರೆಗೆ ಮಾತ್ರ, ಕೆಳಗೆ ಪೂರ್ತಿ ಬಯಲು. ಕಂಟ್ರೋಲಿಗೂ ತಗಡಿಗೂ ನಡುವೆ ಎರಡೂವರೆ ಇಂಚು ಬಿಡುತ್ತೇನೆ. ಕಂಟ್ರೋಲಿಗೆ, ಅದರ ಡಬ್ಬಿಗೆ ಒಂದು ತೂತೂ ಹೊಡೆಯುವುದಿಲ್ಲ, ಒಂದು ಸ್ಕ್ರೂವನ್ನೂ ಮುಟ್ಟುವುದಿಲ್ಲ. ಸೂರು ಬಾಯ್ಲರ್ ಜಾಕೆಟ್ಟಿನ ಮೇಲೆ ಮ್ಯಾಗ್ನೆಟ್ಟಿನಿಂದ ನಿಲ್ಲುತ್ತದೆ.

ಮ್ಯಾಗ್ನೆಟ್ ಯಾಕೆ ಅಂದರೆ, ಮೊದಲು ಸ್ಕ್ರೂ ಹಾಕಿದ್ದೆ. ಬೆಕೆಟ್ ಕಂಪನಿಯ ಬರ್ನರಿನಲ್ಲಿ ನಾಝಲ್ ತೆಗೆಯಬೇಕಾದರೆ ಕಿಡಿ ಹಾರಿಸುವ ಇಗ್ನೈಟರನ್ನು ಮೇಲಕ್ಕೆ ಮಗುಚಬೇಕು, ನನ್ನ ಸೂರು ಅದಕ್ಕೆ ಅಡ್ಡ. ಟ್ಯೂನಪ್‌ಗೆ ಹೋದ ಬೇರೆ ಹುಡುಗ ಸ್ಕ್ರೂ ಹುಡುಕುವ ತಾಪತ್ರಯವೇ ಬೇಡ ಅಂತ ತಗಡನ್ನೇ ಬಗ್ಗಿಸಿ ಎಸೆದಿದ್ದ. ಅವನ ತಪ್ಪಲ್ಲ. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ ತಂದೆ. ಅವಕ್ಕೆ 80 ಸೆಲ್ಸಿಯಸ್ ದಾಟಿದರೆ ಶಕ್ತಿ ಇಳಿಯುತ್ತದೆ. ಎರಡು ಸೂರು ಚಳಿಗಾಲದ ನಡುವೆ ಜಾರಿ ಬಿದ್ದವು. ಈಗ ಹಳೇ ಸ್ಪೀಕರಿನಲ್ಲಿ ಇರುತ್ತದಲ್ಲ, ಆ ಕಪ್ಪು ಫೆರೈಟ್ ಮ್ಯಾಗ್ನೆಟ್ ನಾಲ್ಕು. ದಪ್ಪ, ಒರಟು, ಆದರೆ ಬಿಡುವುದಿಲ್ಲ. ಅದರ ಹಿಂದೆ ಏನು ಅಂಟಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ. ಅದಕ್ಕೆ ಒಂದು ಚಳಿಗಾಲ ಪೂರ್ತಿ ಕೊಟ್ಟಿದ್ದೇನೆ.

ರೀಸೆಟ್ ಬಟನ್ನಿನ ಎದುರಿಗೆ ಸೂರಿನ ಅಂಚಿನಿಂದ ಒಂದು ಸಣ್ಣ ತಗಡಿನ ರೆಪ್ಪೆ ಇಳಿಬಿದ್ದಿರುತ್ತದೆ. ಒಂದು ಬೆರಳಿಗೆ ಏಳುತ್ತದೆ, ಬಿಟ್ಟರೆ ತಾನೇ ಮುಚ್ಚುತ್ತದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ಒಂದೇ ಸಲ ಒತ್ತಿ. ಹತ್ತದಿದ್ದರೆ ಫೋನ್ ಮಾಡಿ" ಅಂತ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಬರೆಸಿದ್ದೇನೆ. ರೆಪ್ಪೆ ಯಾರನ್ನೂ ತಡೆಯುವುದಿಲ್ಲ. ಎರಡನೇ ಸಲ ಎತ್ತುವಾಗ ಅಕ್ಷರ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಅಷ್ಟಕ್ಕೇ ಎಷ್ಟೋ ಕೈ ನಿಂತಿವೆ.

ಮೇಲಿನ ಕೆಂಪು ಸ್ವಿಚ್ಚಿಗೆ ತಗಡು ಬೇಡವೇ ಬೇಡ. ಕಾಲಿಂಚು ದಪ್ಪವೂ ಇಲ್ಲದ ಪಾರದರ್ಶಕ ಪಾಲಿಕಾರ್ಬೊನೇಟ್ ತುಂಡು, ಮೇಲ್ಗಡೆ ಕೀಲು, ಎತ್ತುವ ಮುಚ್ಚಳ. ಕೆಂಪು ಪ್ಲೇಟು, ಅಕ್ಷರ ಎಲ್ಲ ಕಾಣಬೇಕು. ಬೀಗ, ಚಿಲಕ ಏನೂ ಇಲ್ಲ. ಮೂರು ಸ್ವಿಚ್ ಇದ್ದ ಕಡೆ ಲೈಟಿನ ಸ್ವಿಚ್ಚನ್ನು ಬಾಗಿಲ ಆ ಕಡೆಗೆ ಬದಲಾಯಿಸಿಬಿಡಿ ಅಂತ ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ಗೆಲುವು ಅದರದ್ದೇ. ಅದೇ ಅಧಿಕಾರಿಗೆ ಮತ್ತೆ ತೋರಿಸಿದೆ. ಕಣ್ಣು ಮುಚ್ಚಿಕೊಂಡು, ಗ್ಲೌಸ್ ಹಾಕಿದ ಕೈಯಲ್ಲಿ ಎತ್ತಿ ಸ್ವಿಚ್ ಇಳಿಸಿದ. ತಲೆಯಾಡಿಸಿ ಹೋದ. ನಿಮ್ಮ ಊರಿನ ಅಧಿಕಾರಿಯನ್ನು ಕೇಳದೆ ಮಾತ್ರ ಹಾಕಬೇಡಿ.

ಒಂದು ಅಡ್ಡದಾರಿ ಪ್ರಯೋಗ. ಬರ್ನರಿನ ನೆತ್ತಿ ಮೇಲೆ, ತೊಲೆಗೆ ಹೊಡೆದಿರುವ ಥರ್ಮಲ್ ಕಟಾಫ್ ಸ್ವಿಚ್ ಇರುತ್ತದಲ್ಲ, 165 ಫ್ಯಾರನ್‌ಹೀಟಿಗೆ ಕರಗಿ ಕರೆಂಟ್ ಕಡಿಯುವಂಥದ್ದು. ಅದಕ್ಕೂ ಒಂದು ಹಿತ್ತಾಳೆ ಜಾಲರಿ ಮಾಡೋಣ ಅನ್ನಿಸಿತು. ಜೇಡರ ಬಲೆ, ಧೂಳು, ಏಣಿಯ ಪೆಟ್ಟು ತಪ್ಪಲಿ ಅಂತ. ಮನೆಯ ಬೆಂಚಿನ ಮೇಲೆ ಹೀಟ್ ಗನ್ ಹಿಡಿದು ಪರೀಕ್ಷೆ ಮಾಡಿದೆ. ಬರಿಮೈಯಲ್ಲಿ ಒಂದು ನಿಮಿಷದ ಒಳಗೆ ಕಡಿಯಿತು. ಜಾಲರಿ ಹಾಕಿದಾಗ ಮೂರು ನಿಮಿಷ ಹತ್ತಿರ ಬಂತು. ನೆಲಮಾಳಿಗೆಯ ಬೆಂಕಿಗೆ ಎರಡು ನಿಮಿಷ ಕೊಡುವುದೆಂದರೆ ಮನೆಯನ್ನೇ ಕೊಟ್ಟ ಹಾಗೆ. ಹಿತ್ತಾಳೆ ಜಾಲರಿ ಈಗ ನಮ್ಮ ಮನೆ ತುಳಸಿ ಗಿಡದ ಮೇಲಿದೆ, ಅಳಿಲು ಕೆದಕದ ಹಾಗೆ. ಆ ಸ್ವಿಚ್ಚಿಗೆ ಯಾವ ಟೋಪಿಯನ್ನೂ ಹಾಕಬೇಡಿ. ರಿಯೆಲ್ಲೋ ಕಂಪನಿಯ ಬರ್ನರಿಗೂ ಸೂರು ದಂಡ, ಅದಕ್ಕೆ ಹುಟ್ಟುವಾಗಲೇ ಮುಚ್ಚಳ ಇದೆ.

ಖರ್ಚು? ಎರಡಡಿ ನಾಲ್ಕಡಿ ತಗಡು ಮೂವತ್ತು ಡಾಲರ್ ಆಸುಪಾಸು, ಅದರಲ್ಲಿ ನಾಲ್ಕು ಸೂರು ಏಳುತ್ತವೆ. ಮ್ಯಾಗ್ನೆಟ್, ರಿವೆಟ್, ಬಣ್ಣ ಸೇರಿ ಒಂದಕ್ಕೆ ಹದಿನಾಲ್ಕು ಡಾಲರ್ ಬೀಳುತ್ತದೆ. ಮೊದಲೆಲ್ಲ ಎರಡು ಗಂಟೆ ಹಿಡಿಯುತ್ತಿತ್ತು, ಈಗ ನಲವತ್ತು ನಿಮಿಷ. ಅರವತ್ತು ತೆಗೆದುಕೊಳ್ಳುತ್ತೇನೆ. ಕಳೆದುಕೊಂಡದ್ದು ವಾಪಸ್ ಬರಲು ಇಪ್ಪತ್ತು ಸೂರು ಬೇಕಾಯಿತು. 2022ರಲ್ಲಿ ಎಣ್ಣೆ ಗ್ಯಾಲನ್ನಿಗೆ ಐದು ಡಾಲರ್ ದಾಟಿದಾಗ ಯಾರೂ ಅರವತ್ತು ಡಾಲರ್ ಬಿಚ್ಚಲಿಲ್ಲ. ಟ್ಯಾಂಕ್ ತುಂಬಿಸಲೇ ಸಾವಿರದ ಮುನ್ನೂರು ಕೊಟ್ಟವರ ಹತ್ತಿರ ತಗಡಿನ ಮಾತು ಹೇಗೆ ಎತ್ತುವುದು? ಆ ವರ್ಷ ಮೂರು ಮಾತ್ರ ಹೋದವು, ಅದರಲ್ಲಿ ಒಂದು ಪುಕ್ಕಟೆ, ಆ ನಡುಮನೆಯ ಅಜ್ಜಿಗೆ. ಅಲ್ಲಿಂದ ಈಚೆಗೆ ಆ ಮನೆಯಿಂದ ಸ್ವಿಚ್ಚಿನ ಕರೆ ಒಂದೂ ಬಂದಿಲ್ಲ. ಹನಿ ಬಿದ್ದು ಸತ್ತ ಕಂಟ್ರೋಲ್ ಸೂರಿನ ಕೆಳಗೆ ಇನ್ನೂ ಒಂದೂ ಕಂಡಿಲ್ಲ. ನೆರೆ ಬಂದರೆ ಬೇರೆ ಮಾತು, ನೀರು ಕೆಳಗಿನಿಂದ ಏರಿದರೆ ಸೂರು ಏನು ಮಾಡೀತು?

ಕೊನೆಗೆ ಒಂದು ಕಿತಾಪತಿ. ಹತ್ತು ಹದಿನೈದು ಸೂರುಗಳಿಗೆ ರೆಪ್ಪೆಯ ಹಿಂದೆ ಸಣ್ಣ ಎಣಿಕೆ ಯಂತ್ರ ಕೂರಿಸಿದ್ದೇನೆ. ಜಪದ ಲೆಕ್ಕಕ್ಕೆ ಕೆಲವರು ಬೆರಳಿನಲ್ಲಿ ಹಿಡಿದಿರುತ್ತಾರಲ್ಲ, ಅದರ ತಂಗಿ. ರೆಪ್ಪೆ ಎತ್ತಿದಾಗೆಲ್ಲ ಒಂದು ಅಂಕಿ ಏರುತ್ತದೆ. ಮೆಟ್ಟಿಲಿಳಿಯುವ ಮುಂಚೆ "ಎಷ್ಟು ಸಲ ಒತ್ತಿದಿರಿ?" ಅಂತ ಕೇಳುತ್ತೇನೆ, ಆಮೇಲೆ ಅಂಕಿ ನೋಡುತ್ತೇನೆ. ಅಂಕಿ ಜಾಸ್ತಿ ಇದ್ದರೆ ಬರ್ನರನ್ನು ಹಚ್ಚುವುದೇ ಇಲ್ಲ, ಮೊದಲು ಚೇಂಬರ್ ತೆರೆದು ಎಣ್ಣೆ ನಿಂತಿದೆಯಾ ನೋಡುತ್ತೇನೆ.

ಕಾಫಿ ಡಬ್ಬಿ ಮುಚ್ಚು ಅಂದಿದ್ದ ಹಿರಿಯರು ಈಗ ನಿವೃತ್ತರು. ಹೋದ ಜನವರಿಯಲ್ಲಿ ಅವರ ಮನೆ ಬರ್ನರೇ ನಿಂತು ನನ್ನನ್ನು ಕರೆದರು. ಎರಡು ವರ್ಷದ ಹಿಂದೆ ನಾನೇ ಕೂರಿಸಿದ ಸೂರು ಅಲ್ಲಿತ್ತು, ಎಣಿಕೆ ಯಂತ್ರದ ವಿಷಯ ಅವರಿಗೆ ಹೇಳಿರಲಿಲ್ಲ. "ಒಂದೇ ಸಲ ಒತ್ತಿದೆ ಕಣಯ್ಯಾ, ನನಗೆ ಗೊತ್ತಿಲ್ವಾ" ಅಂದರು. ಕೆಳಗಿಳಿದು ನೋಡಿದೆ. ಆರು.

ಮೇಲೆ ಬಂದು ಏನೂ ಹೇಳಲಿಲ್ಲ. ನಾಝಲ್ ಬದಲಿಸಿ, ಚೇಂಬರ್ ಒರೆಸಿ, ಅಂಕಿಯನ್ನು ಸೊನ್ನೆಗೆ ತಿರುಗಿಸಿ ಬಂದೆ.