ಯುರೋಪಿಗೆ ಹೋಗುವ ದ್ರಾಕ್ಷಿ: ರೆಸಿಡ್ಯೂ ಟೆಸ್ಟಿಗೆ ಸ್ಯಾಂಪಲ್ ತೆಗೆಯುವುದು ಹೀಗೆ

ಜನವರಿ ಬಂತೆಂದರೆ ಪುಣೆಯ ಲ್ಯಾಬ್‌ಗಳ ಕೌಂಟರಿನಲ್ಲಿ ಕನ್ನಡ ಕೇಳಿಸತೊಡಗುತ್ತದೆ. ಜತ್, ಅಕ್ಕಲಕೋಟೆ, ಇಂಡಿ, ಅಥಣಿ ಕಡೆಯ ಬೆಳೆಗಾರರು ರಾತ್ರಿ ಬಸ್ಸಿಗೆ ದ್ರಾಕ್ಷಿ ಹಿಡಿದು ಬರುತ್ತಾರೆ. ಹಡಪ್ಸರದಲ್ಲೋ ಪಿಂಪ್ರಿಯಲ್ಲೋ ನೆಂಟರಿದ್ದವರು ಬಸ್ಸಿನಲ್ಲಿ ಪೆಟ್ಟಿಗೆ ಇಟ್ಟು, ‘ತಮ್ಮಾ, ಲ್ಯಾಬಿಗೆ ಮುಟ್ಟಿಸಿಬಿಡು’ ಎಂದು ಫೋನ್ ಮಾಡುತ್ತಾರೆ. ಆ ಪೆಟ್ಟಿಗೆ ಬಿಚ್ಚಿದಾಗ ಸಂಕಟವಾಗುತ್ತದೆ. ಯೂರಿಯಾ ಚೀಲದಲ್ಲಿ ಸುತ್ತಿದ ಗೊನೆ. ತೊಳೆದು ಒರೆಸಿ ಕಳಿಸಿದ ಗೊನೆ. ರಸಕ್ಕೆ ತೊಯ್ದು ಹಣ್ಣಿಗೆ ಅಂಟಿಕೊಂಡ ಪೇಪರ್. ಹಣ್ಣಿನಲ್ಲಿ ಔಷಧದ ಅಂಶ (ಇದೇ ರೆಸಿಡ್ಯೂ) ಎಷ್ಟು ಉಳಿದಿದೆ ಎಂದು ಸಾವಿರಾರು ರೂಪಾಯಿ ಕೊಟ್ಟು ಇದನ್ನು ಟೆಸ್ಟ್ ಮಾಡಿಸಿದರೆ ಬರುವ ರಿಪೋರ್ಟ್ ನಿಮ್ಮ ತೋಟದ ಬಗ್ಗೆ ಏನೂ ಹೇಳುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ? ಯುರೋಪಿನ 396/2005 ಎಂಬ ಕಾಯ್ದೆ ಒಂದೊಂದು ಔಷಧಕ್ಕೂ ಹಣ್ಣಿನಲ್ಲಿ ಇಷ್ಟೇ ಉಳಿದಿರಬಹುದು ಎಂದು ಮಿತಿ ಹಾಕಿದೆ. ಇದೇ ಎಂಆರ್‌ಎಲ್. ಪ್ರತ್ಯೇಕ ಮಿತಿ ಇಲ್ಲದ ಔಷಧಕ್ಕೆ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಹಣ್ಣಿನಲ್ಲಿ ಒಂದೇ ಗ್ರಾಂ. 2003ರಲ್ಲಿ ನಮ್ಮ ದ್ರಾಕ್ಷಿಯಲ್ಲಿ ಮೆಥೊಮಿಲ್, ಅಸಿಫೇಟ್ ಎಂಬ ಕೀಟನಾಶಕಗಳು ಸಿಕ್ಕವೆಂದು ಯುರೋಪಿನಿಂದ ಎಚ್ಚರಿಕೆ ಬಂತು. ಆಗ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆಯಾದ ಅಪೇಡಾ, ಪುಣೆ ಮಾಂಜರಿಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಜೊತೆ ಸೇರಿ ರೆಸಿಡ್ಯೂ ನಿಗಾ ಶುರು ಮಾಡಿತು. 2006ರಲ್ಲಿ ಯಾವ ಹಣ್ಣು ಯಾವ ತೋಟದ್ದು ಎಂದು ಗುರುತಿಸುವ ಆನ್‌ಲೈನ್ ವ್ಯವಸ್ಥೆ ಗ್ರೇಪ್‌ನೆಟ್ ಬಂತು. ಆದರೂ 2010ರಲ್ಲಿ ದೊಡ್ಡ ಪೆಟ್ಟು ಬಿತ್ತು. ಆ ಸಲ ಸಿಕ್ಕಿದ್ದು ಕುಡಿಯ ಬೆಳವಣಿಗೆ ತಡೆಯುವ ಸಿಸಿಸಿ, ಅಂದರೆ ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ನಮ್ಮ ಟೆಸ್ಟ್ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಇಲ್ಲಿ ಪಾಸಾದ ಹಣ್ಣು ಅಲ್ಲಿ ಫೇಲಾಯಿತು.

ರಫ್ತಿನ ಅಧಿಕೃತ ಸ್ಯಾಂಪಲ್ಲನ್ನು ಅಪೇಡಾ ಮಾನ್ಯತೆಯ ಲ್ಯಾಬಿನವರೇ ತೋಟಕ್ಕೆ ಬಂದು ತೆಗೆಯುತ್ತಾರೆ. ನಾನು ಹೇಳುತ್ತಿರುವುದು ಅದಕ್ಕೂ ಮೊದಲು ನೀವೇ ಮಾಡಿಸಿಕೊಳ್ಳುವ ಟೆಸ್ಟಿನ ಮಾತು. ಇದನ್ನು ತಪ್ಪಿಸಬೇಡಿ.

ಮೊದಲ ಹಂತ, ರಫ್ತಿಗೆ ನಿಮ್ಮ ತೋಟದ ಪ್ಲಾಟ್ ನೋಂದಣಿ. ಪ್ರತಿ ವರ್ಷ ನವೀಕರಿಸಿ, ಅಷ್ಟೇ.

ಎರಡನೆಯದು ಸಿಂಪಡಣೆಯ ಡೈರಿ. ಬಹಳ ಜನ ಇದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಾರೆ, ಅದೂ ‘ದಾವಣಿ ಎಣ್ಣಿ ಹೊಡೆದೆವು’ ಅಂತ, ಅಂದರೆ ಡೌನಿ ರೋಗದ ಔಷಧ ಎಂದಷ್ಟೇ. ಇದು ಸಾಲದು. ತಾರೀಖು, ಬ್ರ್ಯಾಂಡ್ ಹೆಸರು, ಡಬ್ಬಿಯ ಮೇಲಿರುವ ಔಷಧದ ನಿಜ ಹೆಸರು, ಪ್ರಮಾಣ, ಎಲ್ಲ ಬೇಕು. ಪಕ್ಕದಲ್ಲೇ ಪಿಎಚ್‌ಐ ಬರೆಯಿರಿ, ಅಂದರೆ ಆ ಔಷಧ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅನ್ನುವುದು. ಮಾಂಜರಿ ಕೇಂದ್ರದವರು ಈ ದಿನಗಳ ಪಟ್ಟಿ ಕೊಡುತ್ತಾರೆ. ಅಂಗಡಿಯವರ ಮಾತಿಗಿಂತ ಆ ಪಟ್ಟಿ ನಂಬಿ. ಏಪ್ರಿಲ್ ಚಾಟ್ನಿಯಿಂದಲೇ, ಅಂದರೆ ಬಳ್ಳಿ ಸವರಿದಾಗಿನಿಂದಲೇ ಬರೆಯಿರಿ. ಆಗ ಕುಡಿ ತಡೆಯಲು ಹೊಡೆದ ಸಿಸಿಸಿ ಬಳ್ಳಿಯಲ್ಲೇ ಉಳಿದು ಮುಂದಿನ ಹಣ್ಣಿಗೂ ಇಳಿಯುತ್ತದೆ. ರಫ್ತಿನ ಪ್ಲಾಟಿಗೆ ಅದನ್ನು ಮುಟ್ಟಲೇಬೇಡಿ.

ಇಲ್ಲೇ ಇನ್ನೊಂದು ಮಾತು. ‘ಸಾವಕಾರ್ರೆ, ಪೂರ್ತಿ ಆರ್ಗ್ಯಾನಿಕ್, ರೆಸಿಡ್ಯೂ ಫ್ರೀ’ ಎಂದು ಮಾರುವ ಟಾನಿಕ್‌ಗಳಿವೆ. ಬಾಟಲಿಯ ಮೇಲೆ ಒಳಗೇನಿದೆ ಎಂದು ಬರೆದಿರುವುದಿಲ್ಲ, ನೋಂದಣಿ ನಂಬರೂ ಇರುವುದಿಲ್ಲ. ಹೊಡೆದ ಮರುದಿನವೇ ಥ್ರಿಪ್ಸ್ ಹುಳ ಉದುರಿದರೆ ಸಂತೋಷಪಡಬೇಡಿ, ಅನುಮಾನಪಡಿ. ಇಂಥವುಗಳಲ್ಲಿ ರಾಸಾಯನಿಕ ಕೀಟನಾಶಕ ಬೆರೆಸಿ ಮಾರುವವರಿದ್ದಾರೆ. ಡೈರಿಯಲ್ಲಿ ಇಲ್ಲದ ಔಷಧ ರಿಪೋರ್ಟಿನಲ್ಲಿ ಕಾಣಿಸುವುದು ಹೀಗೆಯೇ.

ಈಗ ಸ್ಯಾಂಪಲ್. ಜಾಸ್ತಿ ಜನ ಎಡವುವುದು ಇಲ್ಲೇ. ಗೇಟಿನ ಹತ್ತಿರದ ನಾಲ್ಕು ಬಳ್ಳಿಯಿಂದ ಚೆಂದದ ಗೊನೆ ಕತ್ತರಿಸಿ ತರುತ್ತಾರೆ. ಬೇಡ. ಪ್ಲಾಟಿನ ಅಂಚಿನ ಸಾಲುಗಳನ್ನು ಬಿಡಿ. ಅಲ್ಲಿ ಪಕ್ಕದವರ ಔಷಧ ಗಾಳಿಗೆ ಬಂದು ಕೂತಿರುತ್ತದೆ, ಔಷಧ ಹೊಡೆಯುವ ಬ್ಲೋವರ್ ತಿರುಗುವಾಗ ಎರಡೆರಡು ಸಲ ಬಿದ್ದಿರುತ್ತದೆ. ಒಳಗೆ ಹೋಗಿ ಈ ಮೂಲೆಯಿಂದ ಆ ಮೂಲೆಗೆ ಅಂಕುಡೊಂಕಾಗಿ ನಡೆಯಿರಿ. ಹೆಜ್ಜೆ ಎಣಿಸಿ ನಿಲ್ಲಿ, ನಿಂತಲ್ಲಿ ಯಾವ ಬಳ್ಳಿ ಇದೆಯೋ ಅದರಿಂದಲೇ ಒಂದು ಗೊನೆ. ಕಣ್ಣಿಗೆ ಕಂಡ ಒಳ್ಳೆಯದನ್ನು ಆರಿಸಲು ಹೋಗಬೇಡಿ. ಒಂದು ಬಿಸಿಲಿನ ಕಡೆಯದಾದರೆ ಮುಂದಿನದು ಎಲೆಯ ಮರೆಯದು. ಎಲೆ ದಟ್ಟವಾಗಿರುವಲ್ಲಿ ಔಷಧ ಬಿದ್ದಿರುವ ರೀತಿಯೇ ಬೇರೆ, ಅದು ಕರಗುವ ವೇಗವೂ ಬೇರೆ. ಯುರೋಪಿನ ಸ್ಯಾಂಪಲ್ ನಿಯಮದಲ್ಲಿ ದ್ರಾಕ್ಷಿಗೆ ಕನಿಷ್ಠ 5 ಗೊನೆ, 2 ಕಿಲೋ ಎಂದಿದೆ. ಹತ್ತು ಹನ್ನೆರಡು ಬಳ್ಳಿಯಿಂದಾದರೂ ತೆಗೆಯಿರಿ ಅನ್ನುವುದು ನನ್ನ ಸಲಹೆ.

ಇಬ್ಬನಿ ಆರಿದ ಮೇಲೆ ಕತ್ತರಿಸಿ. ಕೈಗೆ ಹೊಸ ಗ್ಲೌಸ್ ಹಾಕಿ. ಬೆಳಿಗ್ಗೆ ಔಷಧ ಕಲಸಿದ ಆಳಿನ ಕೈಗೆ ಕತ್ತರಿ ಕೊಡಬೇಡಿ. ಕಾಳು ಬಿಡಿಸಬೇಡಿ, ಗೊನೆ ಇಡಿಯಾಗಿ ಇರಲಿ. ತೊಟ್ಟು ತೆಗೆಯುವುದು ಲ್ಯಾಬಿನವರ ಕೆಲಸ. ತೊಳೆಯಲೇಬೇಡಿ, ಒರೆಸಲೂ ಬೇಡಿ. ರೋಟರ್‌ಡ್ಯಾಮ್‌ನಲ್ಲಿ (ನೆದರ್‌ಲ್ಯಾಂಡ್ಸ್‌ನ ಬಂದರು) ಕಂಟೇನರಿನಿಂದ ಸ್ಯಾಂಪಲ್ ತೆಗೆಯುವವರು ತೊಳೆಯದ ಹಣ್ಣನ್ನೇ ರುಬ್ಬಿ ನೋಡುತ್ತಾರೆ. ನೀವು ತೊಳೆದದ್ದರಿಂದ ಇಲ್ಲಿ ಪಾಸಾಗಿ ಅಲ್ಲಿ ಸಿಕ್ಕಿಬಿದ್ದರೆ ಇಡೀ ಮಾಲು ನಾಶವಾಗಬಹುದು, ವಾಪಸ್ಸಾದರೂ ಬರಬಹುದು. ಆ ಸುದ್ದಿ ಯುರೋಪಿನ ಎಲ್ಲ ದೇಶಗಳಿಗೂ ಹೋಗುತ್ತದೆ. ಆಮೇಲೆ ಬೇರೆಯವರ ದ್ರಾಕ್ಷಿಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಹೊಸ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ. ಚೀಟಿಯನ್ನು ಒಳಗೆ ಹಾಕಬೇಡಿ, ತೊಯ್ದು ಅಳಿಸಿಹೋಗುತ್ತದೆ. ಹೊರಗೆ ಮಾರ್ಕರಿನಲ್ಲಿ ಪ್ಲಾಟ್ ನಂಬರ್, ತಳಿ, ಕೊನೆಯ ಸಿಂಪಡಣೆಯ ತಾರೀಖು ಬರೆಯಿರಿ. ಥರ್ಮಾಕೋಲ್ ಪೆಟ್ಟಿಗೆ, ಐಸ್ ಪ್ಯಾಕ್. ಬಿಡಿ ಐಸ್ ಬೇಡ, ಕರಗಿದ ನೀರು ಹಣ್ಣನ್ನು ತೊಳೆದುಬಿಡುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ಇಡದೆ ಕಾಲ ಬಳಿ ಇಟ್ಟುಕೊಳ್ಳಿ. ಶನಿವಾರ ಸಂಜೆ ಪುಣೆ ಮುಟ್ಟುವಂತೆ ಕಳಿಸಿದರೆ ಅದು ಸೋಮವಾರದವರೆಗೆ ನೆಂಟರ ಮನೆಯಲ್ಲೇ ಉಳಿಯುತ್ತದೆ. ಸೋಮವಾರದಿಂದ ಗುರುವಾರದೊಳಗೆ ಮುಟ್ಟಿಸಿ.

ಕೌಂಟರಿನಲ್ಲಿ ಸುಮ್ನೆ ‘ಮಲ್ಟಿ ರೆಸಿಡ್ಯೂ ಮಾಡಿ’, ಅಂದರೆ ಹಲವು ಔಷಧಗಳನ್ನು ಒಟ್ಟಿಗೆ ನೋಡುವ ಟೆಸ್ಟ್ ಮಾಡಿ ಎಂದರೆ ಸಾಲದು. ಸಿಸಿಸಿಗೆ ಬೇರೆ ವಿಧಾನ ಬೇಕು. ಮ್ಯಾಂಕೋಜೆಬ್ ಜಾತಿಯ ಔಷಧಗಳನ್ನೂ ಪ್ರತ್ಯೇಕವಾಗಿ ನೋಡಬೇಕು. ಡೈರಿ ತೋರಿಸಿ, ಎರಡೂ ಸೇರಿವೆಯಾ ಎಂದು ಕೇಳಿ, ಎನ್‌ಎಬಿಎಲ್ ಎಂಬ ಸಂಸ್ಥೆ ಲ್ಯಾಬಿಗೆ ಕೊಟ್ಟ ಮಾನ್ಯತೆಯಲ್ಲಿ ಆ ಟೆಸ್ಟ್ ಇದೆಯಾ ನೋಡಿ. ದುಡ್ಡು ಉಳಿಸಲು ಅಗ್ಗದ ಪ್ಯಾಕೇಜ್ ತೆಗೆದುಕೊಂಡು 2010ರ ಗತಿಯನ್ನು ಮತ್ತೆ ಕರೆಯಬೇಡಿ.

ರಿಪೋರ್ಟ್ ಬಂದ ಮೇಲೆ ಪ್ರತಿ ಸಾಲಿನಲ್ಲಿ ಸಿಕ್ಕ ಪ್ರಮಾಣವನ್ನು ಎಂಆರ್‌ಎಲ್ ಪಕ್ಕ ಇಟ್ಟು ನೋಡಿ. ಮಿತಿಯ ಒಳಗಿದ್ದರೂ ನಿಮ್ಮ ರಫ್ತುದಾರರನ್ನು ಒಂದು ಮಾತು ಕೇಳಿ. ಜರ್ಮನಿಯ ಕೆಲವು ಸೂಪರ್‌ಮಾರ್ಕೆಟ್‌ಗಳು ಎಂಆರ್‌ಎಲ್‌ನ ಮೂರನೇ ಒಂದು ಭಾಗ ದಾಟಬಾರದು ಅನ್ನುತ್ತವೆ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಕಂಡರಂತೂ ಕೂಡಲೇ ಹುಷಾರಾಗಿ. 2020ರಲ್ಲಿ ಯುರೋಪ್ ಅದನ್ನು ನಿಷೇಧಿಸಿ ಮಿತಿಯನ್ನು 0.01ಕ್ಕೆ ಇಳಿಸಿತು.

ಫೇಲಾದರೆ ಕೊಯ್ಲು ಮುಂದೆ ಹಾಕಿ ಮತ್ತೊಮ್ಮೆ ಟೆಸ್ಟ್ ಮಾಡಿಸಿ. ಹಲವು ಔಷಧಗಳು ದಿನ ಕಳೆದಂತೆ ಇಳಿಯುತ್ತವೆ. ಸಿಸಿಸಿ ಸಿಕ್ಕಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ, ಆ ಪ್ಲಾಟನ್ನು ಈ ವರ್ಷ ರಫ್ತಿನಿಂದ ಬಿಡಿ. ಪಕ್ಕದ ಪಾಸಾದ ಪ್ಲಾಟಿನ ನಂಬರಿನಲ್ಲಿ ಈ ಹಣ್ಣು ಸೇರಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಅವರನ್ನು ತೋಟದೊಳಗೆ ಬಿಡಬೇಡಿ. ಪಾಸಾದರೆ ಲ್ಯಾಬಿನವರನ್ನು ಅಧಿಕೃತ ಸ್ಯಾಂಪಲ್ಲಿಗೆ ಕರೆಯಿರಿ. ಅವರು ಗೊನೆ ಕತ್ತರಿಸಿದ ದಿನದಿಂದ ಕೊಯ್ಲಿನವರೆಗೆ ರಾಸಾಯನಿಕ ಬೇಡವೇ ಬೇಡ. ಬೂದಿ ರೋಗ ಹೆದರಿಸಿದರೆ ನಂಬಿಕೆಯ ಕಡೆಯಿಂದ ತಂದ ಬ್ಯಾಸಿಲಸ್ ಎಂಬ ಜೈವಿಕ ಔಷಧ ಹೊಡೆಯಿರಿ. ಟ್ಯಾಂಕನ್ನು ಮಾತ್ರ ಅದಕ್ಕೂ ಮೊದಲು ಎರಡು ಸಲ ಚೆನ್ನಾಗಿ ತೊಳೆಯಿರಿ.